ಯಾರ ಪಾಪದ ಫಲ?

ರಕ್ತರೋಗ ತಜ್ಞರ ಮುಂದೆ ಕುಳಿತ ತಂದೆತಾಯಿ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಎಷ್ಟು ದಿನಕ್ಕೊಮ್ಮೆ ರಕ್ತ ಹಾಕಿಸಬೇಕು, ಮಾತ್ರೆ ಎಷ್ಟು ವರ್ಷ ಕೊಡಬೇಕು, ಮಗುವನ್ನು ಶಾಲೆಗೆ ಕಳಿಸಬಹುದೇ, ಮುಂದಿನ ಮಗುವಿಗೂ ಹೀಗೇ ಆಗುತ್ತದೆಯೇ ಎಂಬವು ಅಂಥವು. ಆದರೆ ಹುಟ್ಟಿನಿಂದಲೇ ಬಂದ ಕಾಯಿಲೆಯ ಹೆಸರು ಕೇಳಿದ ಕೂಡಲೇ ಅನೇಕರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಬೇರೆಯೇ: ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದೆವೋ, ಈ ಕೂಸು ಯಾಕೆ ಇದನ್ನು ಅನುಭವಿಸಬೇಕು? ಇದು ತಮ್ಮ ಕೆಲಸಕ್ಕೆ ಸೇರಿದ ಮಾತಲ್ಲವೆಂದು ವೈದ್ಯರು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗುವುದು ತಪ್ಪು ಎಂಬುದು ನನ್ನ ವಾದ. ಈ ಪ್ರಶ್ನೆಗೆ ಉತ್ತರ ಹೇಳುವುದೂ ಚಿಕಿತ್ಸೆಯ ಒಂದು ಭಾಗ. ಆ ಉತ್ತರವನ್ನು ಸ್ಪಷ್ಟವಾಗಿ ಹೇಳಬೇಕು: ಇದು ನಿಮ್ಮ ಪಾಪದ ಫಲವಲ್ಲ, ಮಗುವಿನ ಪಾಪದ ಫಲವೂ ಅಲ್ಲ. ಹೀಗೆ ಹೇಳಲು ಯಾರೂ ತಮ್ಮ ಶ್ರದ್ಧೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಕರ್ಮದ ಬಗ್ಗೆ ಆಳವಾಗಿ ಯೋಚಿಸಿದ ನಮ್ಮ ಪರಂಪರೆಯ ಹಿರಿಯರು ಈ ಮಾತಿಗೆ ಬೆಂಬಲವಾಗಿಯೇ ನಿಲ್ಲುತ್ತಾರೆ.

ಮೊದಲು ಕಾಯಿಲೆಯನ್ನೇ ಹತ್ತಿರದಿಂದ ನೋಡೋಣ. ಬೀಟಾ ಥಲಸ್ಸೀಮಿಯಾ ಮೇಜರ್ ಇರುವ ಮಗು ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಇರುತ್ತದೆ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಕಡಿಮೆಯಾಗಿ ದೊಡ್ಡವರ ಹಿಮೋಗ್ಲೋಬಿನ್ ಬರಬೇಕಾದ ಹೊತ್ತಿಗೆ, ಅಂದರೆ ಆರು ತಿಂಗಳಿನಿಂದ ಎರಡು ವರ್ಷದೊಳಗೆ, ಮಗು ಬಿಳಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ಹೊಟ್ಟೆಯ ಎಡಗಡೆ ಗುಲ್ಮ ಊದಿಕೊಳ್ಳುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಚಿಕ್ಕವಾಗಿ, ಪೇಲವವಾಗಿ, ಒಂದೊಂದು ಒಂದೊಂದು ಆಕಾರದಲ್ಲಿ ಕಾಣುತ್ತವೆ. ಕೆಲವುಗಳ ನಡುವೆ ಮಾತ್ರ ಬಣ್ಣದ ಚುಕ್ಕೆ ಉಳಿದಿರುತ್ತದೆ. ಅಸ್ಥಿಮಜ್ಜೆಯಿಂದ ಹೊರಗೆ ಬರಬಾರದಿದ್ದ ಎಳೆಯ ಕಣಗಳೂ ಅಲ್ಲಿ ಓಡಾಡುತ್ತಿರುತ್ತವೆ. ಅಂದಿನಿಂದ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಆ ಮಗುವಿಗೆ ರಕ್ತ ಹಾಕಿಸಬೇಕು. ಒಂದು ಚೀಲ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ. ಆದರೆ ಮೈ ದಿನಕ್ಕೆ ಹೊರಹಾಕಬಲ್ಲದ್ದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಹೃದಯದಲ್ಲಿ, ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಹೊರತೆಗೆಯಲು ಔಷಧವನ್ನು ಬಿಡದೆ ಕೊಡುತ್ತಿರಬೇಕು. ಇಷ್ಟಕ್ಕೆಲ್ಲ ಕಾರಣ 11ನೇ ಕ್ರೋಮೊಸೋಮಿನಲ್ಲಿರುವ ಒಂದು ಜೀನಿನ ದೋಷ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ದೋಷವಿರುವ ಎರಡು ಪ್ರತಿಗಳೂ ಸೇರಿದರೆ ಮಾತ್ರ ಈ ಕಾಯಿಲೆ ಬರುತ್ತದೆ. ಇಬ್ಬರೂ ವಾಹಕರಾಗಿದ್ದರೆ, ಅಂದರೆ ಒಬ್ಬೊಬ್ಬರಲ್ಲೂ ದೋಷದ ಒಂದೊಂದು ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರಾದ ಇಬ್ಬರೂ ಸ್ವತಃ ಆರೋಗ್ಯವಾಗಿರುತ್ತಾರೆ, ತಮ್ಮಲ್ಲಿ ಇಂಥದ್ದೊಂದು ಇದೆಯೆಂಬುದೇ ಅವರಿಗೆ ತಿಳಿದಿರುವುದಿಲ್ಲ. ಪಾಪವೆಂದರೆ ತಿಳಿದು ಮಾಡಿದ ಕೃತ್ಯ. ಇಲ್ಲಿ ತಿಳಿವಳಿಕೆಯೂ ಇಲ್ಲ, ಕೃತ್ಯವೂ ಇಲ್ಲ.

ಹೀಗಿದ್ದರೂ ಮನೆಗಳಲ್ಲಿ ಅಪರಾಧಿಯನ್ನು ಹುಡುಕುತ್ತಾರೆ, ಹೆಚ್ಚಾಗಿ ತಾಯಿಯಲ್ಲೇ ಹುಡುಕುತ್ತಾರೆ. ಅವಳ ಕಾಲ್ಗುಣ, ಅವಳ ಜಾತಕ, ಅವಳ ತವರಿನ ದೋಷ ಎಂದು ಮಾತು ಬೆಳೆಯುತ್ತದೆ. ಥಲಸ್ಸೀಮಿಯಾದಲ್ಲಿ ತಂದೆಯ ಪಾಲು ತಾಯಿಯ ಪಾಲಿನಷ್ಟೇ ಎಂಬುದನ್ನು ಒಂದು ರಕ್ತಪರೀಕ್ಷೆ ತೋರಿಸಿಕೊಡುತ್ತದೆ. ಹಿಮೋಫಿಲಿಯಾದಲ್ಲಿ, ನಮ್ಮ ಪಠ್ಯಪುಸ್ತಕಗಳು ಕುಸುಮ ರೋಗವೆಂದು ಕರೆಯುವ ಕಾಯಿಲೆಯಲ್ಲಿ, ಜೀನು ತಾಯಿಯ ಮೂಲಕ ಗಂಡುಮಗುವಿಗೆ ಬರುತ್ತದೆ ಎಂಬುದು ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇದ್ದಿರುವುದಿಲ್ಲ, ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯೇ ಕಾರಣವಾಗಿರುತ್ತದೆ. ಅಜ್ಜನ ಶಾಪವೂ ಇಲ್ಲ, ವಂಶದ ಕಳಂಕವೂ ಇಲ್ಲ. ತಾಯಿಯನ್ನು ದೂರುವ ಮನೆಯಲ್ಲಿ ಮಗುವಿನ ಆರೈಕೆ ಹಿಂದೆ ಬೀಳುತ್ತದೆ. ಕಾಯಿಲೆಯನ್ನು ಮುಚ್ಚಿಡುವ ಮನೆಯಲ್ಲಿ ತಮ್ಮ, ತಂಗಿಯರ ಪರೀಕ್ಷೆಯೂ ಆಗುವುದಿಲ್ಲ. ಹಾಗಾಗಿ ಪಾಪದ ಮಾತು ಬರೀ ತತ್ತ್ವದ ಮಾತಾಗಿ ಉಳಿಯುವುದಿಲ್ಲ, ಅದು ಮಗುವಿನ ಆಯುಸ್ಸನ್ನೇ ಕಡಿಮೆ ಮಾಡಬಲ್ಲದು.

ಪಾಪದ ವಿವರಣೆ ಪುರಾವೆಗಳ ಮುಂದೆ ಹೇಗೆ ಸೋಲುತ್ತದೆಂಬುದನ್ನು ಸಿಕಲ್ ಸೆಲ್ ಕಾಯಿಲೆಯ ಚರಿತ್ರೆ ಇನ್ನೂ ಚೆನ್ನಾಗಿ ತೋರಿಸುತ್ತದೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಕುಡುಗೋಲಿನಂತೆ ಬಾಗಿದ ಕಣಗಳನ್ನು ಮೊದಲು ವರ್ಣಿಸಿದರು. 1950ರ ದಶಕದಲ್ಲಿ ವರ್ನನ್ ಇಂಗ್ರಾಮ್ ಇದರ ಮೂಲ ಹಿಡಿದರು: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದೊಂದು ಬದಲಾಗಿದೆ, ಅಷ್ಟೇ. 1954ರಲ್ಲಿ ಆಂಥೊನಿ ಆಲಿಸನ್ ಅದಕ್ಕಿಂತ ದೊಡ್ಡ ಸಂಗತಿಯನ್ನು ಮುಂದಿಟ್ಟರು. ಈ ಜೀನಿನ ಒಂದೇ ಪ್ರತಿ ಇರುವವರಿಗೆ ಮಾರಣಾಂತಿಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಆಫ್ರಿಕಾ, ಅರೇಬಿಯಾ, ಮಧ್ಯ ಭಾರತ, ನೀಲಗಿರಿ, ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟುಗಳಲ್ಲಿ ಈ ಜೀನು ಉಳಿದಿದೆ. ಈ ಕಾಯಿಲೆಯ ನಕ್ಷೆ ಹಳೆಯ ಮಲೇರಿಯಾ ನಕ್ಷೆಯನ್ನೇ ಹೋಲುತ್ತದೆ. ಕಾಯಿಲೆ ಪಾಪದ ಶಿಕ್ಷೆಯಾಗಿದ್ದರೆ ಪಾಪಿಗಳೆಲ್ಲ ಸೊಳ್ಳೆ ಹೆಚ್ಚಿರುವ ಕಾಡುಗಳಲ್ಲೇ ಹುಟ್ಟುತ್ತಾರೆ ಎನ್ನಬೇಕಾಗುತ್ತದೆ. ಹಾಗೆನ್ನುವುದು ಅಲ್ಲಿನ ಜನರಿಗೆ ಮಾಡುವ ಅವಮಾನ. ನಿಜಸಂಗತಿ ಇದಕ್ಕೆ ತದ್ವಿರುದ್ಧ. ಎಷ್ಟೋ ತಲೆಮಾರುಗಳಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಮಲೇರಿಯಾದಿಂದ ಉಳಿಸಿದ ಜೀನೇ, ಎರಡು ಪ್ರತಿಗಳಾಗಿ ಸೇರಿದಾಗ ಒಂದು ಮಗುವಿಗೆ ಕಾಯಿಲೆಯಾಗಿ ಬರುತ್ತದೆ. ಆ ಮಗು ಯಾರ ಶಿಕ್ಷೆಯನ್ನೂ ಅನುಭವಿಸುತ್ತಿಲ್ಲ, ಒಂದು ಇಡೀ ಜನಸಮುದಾಯ ಬದುಕಿ ಉಳಿದದ್ದಕ್ಕೆ ತೆತ್ತ ಬೆಲೆಯನ್ನು ಹೊತ್ತಿದೆ. ಅದರ ಬಗ್ಗೆ ನಮಗಿರಬೇಕಾದದ್ದು ಋಣದ ಭಾವ.

ಈಗ ನಮ್ಮ ಪರಂಪರೆಯ ಕಡೆ ತಿರುಗೋಣ. ಚರಕಸಂಹಿತೆ ದೈವವನ್ನು ತಳ್ಳಿಹಾಕುವ ಗ್ರಂಥವಲ್ಲ. ಹಿಂದಿನ ಜನ್ಮದ ಕರ್ಮವನ್ನು ಅದು ಒಪ್ಪುತ್ತದೆ, ಊರಿಗೆ ಊರನ್ನೇ ಹಾಳುಮಾಡುವ ಪಿಡುಗುಗಳ ಬೇರನ್ನು ಅಧರ್ಮದಲ್ಲಿ ಹುಡುಕುತ್ತದೆ. ಆದರೆ ಈ ಪಿಡುಗುಗಳ ಮಾತು ಬರುವ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲೇ ದೈವದ ಜೊತೆಗೆ ಪುರುಷಕಾರವನ್ನು, ಅಂದರೆ ಈ ಜನ್ಮದಲ್ಲಿ ನಾವು ಮಾಡುವ ಯತ್ನವನ್ನು, ನಿಲ್ಲಿಸುತ್ತದೆ. ಎಲ್ಲರ ಆಯುಸ್ಸೂ ಮೊದಲೇ ಗೊತ್ತಾಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂದು ವಾದಿಸುತ್ತದೆ. ಶಾರೀರಸ್ಥಾನದಲ್ಲಿ, ಬೀಜದ ಯಾವ ಭಾಗ ಕೆಟ್ಟಿದೆಯೋ ಆ ಭಾಗದಿಂದ ಬರುವ ಅಂಗ ವಿಕಾರವಾಗುತ್ತದೆ ಎಂದು ಹುಟ್ಟು ಕಾಯಿಲೆಗಳಿಗೆ ದೇಹದೊಳಗಿನ ಕಾರಣವನ್ನೇ ಹೆಸರಿಸುತ್ತದೆ. ಬುದ್ಧ ಇನ್ನೂ ನೇರವಾಗಿ ಮಾತಾಡಿದ. ಸಂಯುಕ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಅವನನ್ನು ಒಂದು ಮಾತು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎಂದು ಹೇಳುವವರಿದ್ದಾರಲ್ಲ, ನೀನೇನನ್ನುತ್ತೀ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುಬದಲಾವಣೆ, ಆರೈಕೆಯ ಏರುಪೇರು, ಹೊರಗಿನ ಪೆಟ್ಟು ಇವೆಲ್ಲ ಬಂದ ಮೇಲೆ ಎಂಟನೆಯದಾಗಿ ಕರ್ಮಫಲ. ಎಲ್ಲಕ್ಕೂ ಹಿಂದಿನ ಕರ್ಮವೇ ಕಾರಣವೆನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನೇ ಮೀರಿ ಹೋಗುತ್ತಾರೆ ಎಂಬುದು ಅವನ ತೀರ್ಮಾನ. ಕರ್ಮವನ್ನು ನಂಬಿದ ಇಬ್ಬರೂ ಅದನ್ನು ಪ್ರತಿಯೊಂದು ರೋಗದ ಕಾರಣವೆಂದು ಒಪ್ಪಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಇಲ್ಲಿ ವೇದಾಂತ ಬಲ್ಲವರು ಒಂದು ಗಂಭೀರ ಆಕ್ಷೇಪ ಎತ್ತಬಹುದು. ಜೀನು ಹೇಗೆ ಎಂಬುದನ್ನು ಹೇಳುತ್ತದೆ, ಈ ಜೀವಕ್ಕೇ ಯಾಕೆ ಎಂಬುದನ್ನಲ್ಲ. ನಾಲ್ಕರಲ್ಲಿ ಮೂರು ಸಲ ಬಿಟ್ಟುಹೋಗುವ ಕಾಯಿಲೆ ಈ ಮಗುವನ್ನೇ ಹಿಡಿದದ್ದೇಕೆ? ಇದನ್ನು ಕರ್ಮವಲ್ಲದೆ ಮತ್ತೇನು ತೀರ್ಮಾನಿಸಬಲ್ಲದು? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯಕ್ಕೆ ಭಾಷ್ಯ ಬರೆಯುತ್ತ ಶಂಕರರು, ಒಬ್ಬನಿಗೆ ಸುಖ ಮತ್ತೊಬ್ಬನಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿಯೂ ನಿರ್ದಯಿಯೂ ಆಗುವುದಿಲ್ಲವೇ ಎಂಬ ಪ್ರಶ್ನೆಗೆ ಕರ್ಮವನ್ನೇ ಉತ್ತರವಾಗಿ ಕೊಟ್ಟರು. ಆ ಕರ್ಮಕ್ಕೆ ಮೊದಲಿಲ್ಲ ಎಂದರು. ಈ ಉತ್ತರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಯಾವ ಪ್ರಶ್ನೆಗೆ ಹುಟ್ಟಿದ ಉತ್ತರ ಎಂಬುದನ್ನು ಮರೆಯಬಾರದು. ಜಗತ್ತಿಗೆ ಒಂದು ನ್ಯಾಯವಿದೆ ಎಂದು ಸ್ಥಾಪಿಸಲು ಶಂಕರರು ಕರ್ಮವನ್ನು ತಂದರು, ಇಂಥ ಮನೆಯ ಇಂಥ ತಾಯಿ ಇಂಥ ತಪ್ಪು ಮಾಡಿದ್ದಾಳೆಂದು ತೀರ್ಪು ಕೊಡಲು ತರಲಿಲ್ಲ. ಯಾವ ಜೀವದ ಯಾವ ಕರ್ಮ ಎಲ್ಲಿ ಫಲಿಸಿತು ಎಂಬುದನ್ನು ಕಾಣುವ ಕಣ್ಣು ನಮಗಿಲ್ಲ ಎಂಬುದನ್ನು ಕರ್ಮವಾದಿಗಳೇ ಒಪ್ಪುತ್ತಾರೆ. ಕಾಣಲಾಗದ ಸಾಕ್ಷ್ಯದ ಮೇಲೆ ಒಬ್ಬರನ್ನು ಅಪರಾಧಿಯೆನ್ನುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪಿಗೆಯಾಗಬಾರದು. ಇನ್ನು ನಾಲ್ಕರಲ್ಲಿ ಒಂದೆಂಬ ಲೆಕ್ಕದ ಮಾತಿಗೆ ಬಂದರೆ, ಥಲಸ್ಸೀಮಿಯಾವನ್ನು ಗುಣಪಡಿಸಬಲ್ಲ ಅಸ್ಥಿಮಜ್ಜೆಯ ಕಸಿಯನ್ನೇ ನೋಡಿ. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆಯೂ ನಾಲ್ಕರಲ್ಲಿ ಒಂದೇ. ಕಾಯಿಲೆಯನ್ನು ತಂದ ಲೆಕ್ಕವೇ ಅದನ್ನು ಗುಣಪಡಿಸುವ ದಾನಿಯನ್ನೂ ತರುತ್ತದೆ. ಮೊದಲನೆಯದನ್ನು ಪಾಪವೆಂದೂ ಎರಡನೆಯದನ್ನು ಅದೃಷ್ಟವೆಂದೂ ಕರೆಯುವವರು ಒಂದೇ ಲೆಕ್ಕವನ್ನು ಎರಡು ತಕ್ಕಡಿಯಲ್ಲಿ ತೂಗುತ್ತಿದ್ದಾರೆ.

ಇನ್ನೊಂದು ಆಕ್ಷೇಪ ಸಂಕಟದಲ್ಲಿರುವವರ ಕಡೆಯಿಂದ ಬರುತ್ತದೆ. ಕರ್ಮವೆಂದುಕೊಂಡರೆ ಮನಸ್ಸಿಗೆ ಒಂದು ಆಧಾರವಿರುತ್ತದೆ, ಬರೀ ಆಕಸ್ಮಿಕವೆಂದರೆ ಕಾಲ ಕೆಳಗಿನ ನೆಲವೇ ಹೋಗುತ್ತದೆ, ಆ ಆಧಾರವನ್ನು ಕಿತ್ತುಕೊಳ್ಳಲು ವೈದ್ಯರಿಗೇನು ಹಕ್ಕು? ಈ ಮಾತಿನಲ್ಲಿ ಸತ್ಯವಿದೆ. ಆಕಸ್ಮಿಕಕ್ಕೆ ಒಂದು ಉದಾಹರಣೆ ನೋಡಿ: ಅಸ್ಥಿಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರಿಸುತ್ತದೆ. ಅಷ್ಟು ದೊಡ್ಡ ಕೆಲಸದ ನಡುವೆ ಎಂದೋ ಒಂದು ಮೂಲಕೋಶದಲ್ಲಿ 9 ಮತ್ತು 22ನೇ ಕ್ರೋಮೊಸೋಮುಗಳ ತುಂಡುಗಳು ಅದಲುಬದಲಾದರೆ ಒಂದು ಬಗೆಯ ರಕ್ತ ಕ್ಯಾನ್ಸರ್ ಶುರುವಾಗುತ್ತದೆ. ಇದು ಯಾರ ತಪ್ಪೂ ಅಲ್ಲ ಎಂದು ಕೇಳಿದಾಗ ಕೆಲವರಿಗೆ ಸಮಾಧಾನವಾಗುತ್ತದೆ, ಕೆಲವರಿಗೆ ದಿಗಿಲಾಗುತ್ತದೆ. ದಿಗಿಲಾದವರು ತಮ್ಮ ನೋವನ್ನು ತಮ್ಮ ಕರ್ಮವೆಂದು ತಾವೇ ಒಪ್ಪಿಕೊಂಡು ಅದರಿಂದ ಧೈರ್ಯ ಪಡೆದರೆ ವೈದ್ಯರು ಅದಕ್ಕೆ ಕೈಹಾಕಬೇಕಾಗಿಲ್ಲ. ಆದರೆ ಹೀಗೆ ಒಪ್ಪಿಕೊಳ್ಳುವ ಅಧಿಕಾರವಿರುವುದು ಅನುಭವಿಸುವವರಿಗೆ ಮಾತ್ರ. ಒಬ್ಬರು ತಮ್ಮ ಬಗ್ಗೆ ಹೇಳಿಕೊಂಡಾಗ ಸಮಾಧಾನವಾಗುವ ಮಾತೇ ಪಕ್ಕದವರು ಅವರ ಬಗ್ಗೆ ಹೇಳಿದಾಗ ಆರೋಪವಾಗುತ್ತದೆ. ಇನ್ನೂ ಮಾತು ಕಲಿಯದ ಮಗುವಿನ ಪರವಾಗಿ ಅದನ್ನು ಒಪ್ಪಿಕೊಳ್ಳುವ ಹಕ್ಕು ತಂದೆತಾಯಿಗೂ ಇಲ್ಲ. ಜೊತೆಗೆ, ಕಾರಣ ಗೊತ್ತಾದ ಮೇಲೆ ದಾರಿಯೂ ಸಿಗುತ್ತದೆ. ಆ ಕ್ರೋಮೊಸೋಮುಗಳ ಅದಲುಬದಲನ್ನು ಅರಿತದ್ದರಿಂದಲೇ 2001ರಲ್ಲಿ ಇಮ್ಯಾಟಿನಿಬ್ ಎಂಬ ಔಷಧ ಬಳಕೆಗೆ ಬಂತು. ಇಂದು ಆ ಕ್ಯಾನ್ಸರ್ ಇರುವ ಅನೇಕರು ದಿನವೂ ಮಾತ್ರೆ ನುಂಗುತ್ತ ಉಳಿದವರಷ್ಟೇ ಕಾಲ ಬದುಕುತ್ತಾರೆ.

ಮೂರನೆಯ ಆಕ್ಷೇಪ ವೈದ್ಯರ ಮೇಲೇ ತಿರುಗುತ್ತದೆ, ಅದು ನ್ಯಾಯವಾದದ್ದೇ. ಹಿಂದಿನ ಜನ್ಮದ ಪಾಪವನ್ನು ತೆಗೆದುಹಾಕಿ, ಮದುವೆಗೆ ಮುಂಚೆ ಯಾಕೆ ಪರೀಕ್ಷೆ ಮಾಡಿಸಲಿಲ್ಲ, ಸೋದರಮಾವನಿಗೇ ಯಾಕೆ ಕೊಟ್ಟಿರಿ ಎಂಬ ಹೊಸ ಪಾಪವನ್ನು ನೀವು ಹೊರಿಸುತ್ತಿಲ್ಲವೇ? ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗುತ್ತದೆ. ಹತ್ತಿರದ ಸಂಬಂಧದಲ್ಲಿ ಒಂದೇ ದೋಷದ ಎರಡು ಪ್ರತಿಗಳು ಕೂಡುವ ಸಾಧ್ಯತೆ ಹೆಚ್ಚು. ಮಗು ಹುಟ್ಟಿದ ಮೇಲೆ ಇದನ್ನು ಎತ್ತಿ ಆಡುವುದು ಹಳೆಯ ಕ್ರೌರ್ಯಕ್ಕೆ ಹೊಸ ಭಾಷೆ ಕೊಟ್ಟಂತೆ. ತಿಳಿವಳಿಕೆ ಮುಂದಿನ ಹೊಣೆಯನ್ನು ಕೊಡುತ್ತದೆ, ಹಿಂದಿನದಕ್ಕೆ ಅಪರಾಧಿಯನ್ನಾಗಿಸುವುದಿಲ್ಲ. ಈ ಗೆರೆಯನ್ನು ವೈದ್ಯರು ದಾಟಬಾರದು. ಧಾರ್ಮಿಕ ಸಂಸ್ಥೆಯೊಂದು ಈ ಹೊಣೆಯನ್ನು ಹೊತ್ತ ಉದಾಹರಣೆ ಸೈಪ್ರಸ್‌ನಲ್ಲಿದೆ. ಥಲಸ್ಸೀಮಿಯಾ ವಾಹಕರು ಬಹಳವಿದ್ದ ಆ ದ್ವೀಪದಲ್ಲಿ 1980ರ ದಶಕದಿಂದ ಅಲ್ಲಿನ ಆರ್ಥೊಡಾಕ್ಸ್ ಚರ್ಚು ಮದುವೆಗೆ ಮುಂಚೆ ಪರೀಕ್ಷೆಯ ಪ್ರಮಾಣಪತ್ರ ಕೇಳತೊಡಗಿತು. ಪರೀಕ್ಷೆಯಾಗಿದೆ, ಸಲಹೆ ಕೊಡಲಾಗಿದೆ ಎಂದಷ್ಟೇ ಆ ಪತ್ರ ಹೇಳುತ್ತದೆ, ಫಲಿತಾಂಶ ಆ ಜೋಡಿಗೆ ಬಿಟ್ಟದ್ದು. ವಾಹಕರಾದ ಜೋಡಿಗಳಲ್ಲಿ ಬಹುಪಾಲು ಮದುವೆಯಾದರು, ಗರ್ಭದಲ್ಲೇ ಪರೀಕ್ಷೆ ಮಾಡಿಸಿಕೊಂಡರು. ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಗರ್ಭದ ಪರೀಕ್ಷೆಯ ನಂತರ ಏನು ಮಾಡಬೇಕೆಂಬುದು ಕಠಿಣವಾದ ನೈತಿಕ ಪ್ರಶ್ನೆ. ಅದನ್ನು ಆ ದಂಪತಿ ತಮ್ಮ ಅಂತಃಸಾಕ್ಷಿಗೆ ಕೇಳಿ ನಿರ್ಧರಿಸಬೇಕು. ಆದರೆ ಮದುವೆಗೆ ಮುಂಚೆ ತಿಳಿದುಕೊಳ್ಳುವುದರಲ್ಲಿ ಯಾವ ಧರ್ಮಕ್ಕೂ ವಿರೋಧವಿಲ್ಲ. ನಮ್ಮಲ್ಲೂ 2023ರ ಜುಲೈ 1ರಂದು ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಶುರುವಾಗಿದೆ. ಏಳು ಕೋಟಿ ಜನರನ್ನು ಪರೀಕ್ಷಿಸುವುದು ಅದರ ಗುರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಕಾನೂನು ಇವರನ್ನು ಹಕ್ಕುಳ್ಳವರೆಂದು ಕಂಡಿದೆ. ಸಮಾಜವೂ ಹಾಗೇ ಕಾಣಬೇಕು.

ಕರ್ಮದ ಮೇಲೆ ನಂಬಿಕೆಯಿರುವ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಆ ನಂಬಿಕೆಯನ್ನು ನಿಮ್ಮ ನಾಳಿನ ನಡೆಗೆ ಬಳಸಿ, ಇನ್ನೊಬ್ಬರ ಮಗುವಿನ ನಿನ್ನೆಗೆ ಬಳಸಬೇಡಿ. ನಿಮ್ಮ ಬಳಗದಲ್ಲಿ ಒಂದು ಮಗುವಿಗೆ ತಿಂಗಳು ತಿಂಗಳು ರಕ್ತ ಹಾಕಿಸುತ್ತಿದ್ದರೆ ಆ ತಾಯಿಯ ಮುಂದೆ ಪಾಪದ ಮಾತೆತ್ತಬೇಡಿ, ಬೇರೆಯವರು ಎತ್ತಿದರೆ ತಡೆಯಿರಿ. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದ್ದರೆ ಜಾತಕದ ಜೊತೆ ಹುಡುಗ ಹುಡುಗಿ ಇಬ್ಬರ ರಕ್ತಪರೀಕ್ಷೆಯನ್ನೂ ಮಾಡಿಸಿ. ಮೈಯಲ್ಲಿ ಶಕ್ತಿಯಿರುವವರು ವರ್ಷಕ್ಕೆ ಎರಡು ಸಲವಾದರೂ ರಕ್ತದಾನ ಮಾಡಿ. ಆ ಮಕ್ಕಳು ಬದುಕಿರುವುದು ಹೆಸರು ಗೊತ್ತಿಲ್ಲದವರು ಕೊಟ್ಟ ರಕ್ತದಿಂದ.