ವಾಹನದ ಬಣ್ಣ ಮತ್ತು ಆಯ್ಕೆಯ ವಿವೇಕ

ಗೃಹಸ್ಥನ ಬಾಳಿನಲ್ಲಿ ಧರ್ಮಾಧರ್ಮಗಳ ವಿಚಾರವು ದೊಡ್ಡ ಪ್ರಸಂಗಗಳಲ್ಲಿ ಮಾತ್ರ ಏಳುತ್ತದೆಂದು ಭಾವಿಸುವುದು ರೂಢಿ. ಆಸ್ತಿಯ ಪಾಲು, ಸಾಲದ ಪತ್ರ, ಮಕ್ಕಳ ವಿವಾಹ ಇಂಥ ಸಮಯಗಳಲ್ಲಿ ಹಿರಿಯರನ್ನು ಕೇಳುತ್ತಾರೆ, ನಾಲ್ಕು ದಿನ ಯೋಚಿಸುತ್ತಾರೆ. ಮೋಟಾರ್ ಸೈಕಲ್ಲಿಗೆ ಮುಂಗಡ ಕಟ್ಟುವಾಗ ಅಂಥ ವಿಚಾರಕ್ಕೆ ಎಡೆಯಿದೆಯೆಂದು ಯಾರಿಗೂ ತೋರುವುದಿಲ್ಲ. ಆದರೂ ಬಣ್ಣ ಯಾವುದಿರಬೇಕು, ಸಸ್ಪೆನ್ಷನ್ ಹೇಗಿರಬೇಕು ಎಂಬ ಎರಡು ಸಣ್ಣ ಸಂಗತಿಗಳನ್ನು ಹತ್ತಿರದಿಂದ ನೋಡಿದರೆ, ಮನುಷ್ಯನು ಆರಿಸುವಾಗ ಯಾರನ್ನು ಕಣ್ಣ ಮುಂದೆ ಇಟ್ಟುಕೊಳ್ಳುತ್ತಾನೆ ಎಂಬ ಪ್ರಶ್ನೆ ಅಲ್ಲಿಯೇ ಅಡಗಿರುವುದು ಕಾಣುತ್ತದೆ.

ಹುಬ್ಬಳ್ಳಿಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅಂಥ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ಮಗನಿಗೆ 350 ಸಿಸಿಯ ಹೊಸ ಗಾಡಿ ಬೇಕು. ಬಣ್ಣದ ಮಾತು ಒಂದು ತಿಂಗಳು ನಡೆಯಿತು. ಮುಂದೆ ಮಾರುವಾಗ ಬೆಲೆ ಬರುವಂಥದು ಬೇಕೆಂದು ತಂದೆ, ದೂರದಿಂದ ಕಾಣುವ ಕೆಂಪು ಸುರಕ್ಷಿತವೆಂದು ಸೋದರಮಾವ, ಕಪ್ಪೇ ಗಾಂಭೀರ್ಯವೆಂದು ಸ್ನೇಹಿತರು. ಕಡೆಗೆ ತಾಯಿಯನ್ನೂ ಕೇಳಿದರು. ಅವರು, "ನಿನಗ ಚಲೋ ಕಂಡದ್ದು ತಗೋ ತಮ್ಮಾ. ಹಿಂದ ಕೂತವರಿಗಿ ನಡಾ ನೋಯಬಾರದು, ಅಷ್ಟ" ಎಂದರು. ವಾರಕ್ಕೆರಡು ಸಲ ಮಗನ ಹಿಂದೆ ಕುಳಿತು ಬಸದಿಗೆ ಹೋಗುವವರು ಅವರೇ. ಆ ಮಾತನ್ನು ಎಲ್ಲರೂ ತಾಯಿಯ ವಾತ್ಸಲ್ಯವೆಂದು ಕೇಳಿ ಬಿಟ್ಟರು. ಅದು ವಾಹನದ ಬಗ್ಗೆ ಆ ಮನೆಯಲ್ಲಿ ಬಂದ ಅತ್ಯಂತ ತಾಂತ್ರಿಕವಾದ ಸಲಹೆಯೆಂಬುದು ಯಾರ ಗಮನಕ್ಕೂ ಬರಲಿಲ್ಲ.

1970 ಮತ್ತು 80ರ ದಶಕಗಳಲ್ಲಿ ಈ ಗೊಂದಲವಿರಲಿಲ್ಲವೆಂದು ಹಿರಿಯರು ಹೇಳುವುದುಂಟು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು, ಸರದಿ ಬಂದ ದಿನ ಸಿಕ್ಕಿದ ಬಣ್ಣಕ್ಕೆ ಕುಂಕುಮ ಹಚ್ಚಿ ಮನೆಗೆ ತಂದರು. ಆದರೆ ಇದನ್ನು ಆ ಕಾಲದ ಸಂಯಮವೆಂದು ಕೊಂಡಾಡುವುದು ಸರಿಯಲ್ಲ. ಆರಿಸಲು ಏನೂ ಇಲ್ಲದಾಗ ಆರಿಸದಿರುವುದು ಸಂಯಮವಾಗಲಾರದು. ಅದು ಅಭಾವ ಮಾತ್ರ. ಸಂಯಮದ ಪರೀಕ್ಷೆ ಆರಂಭವಾಗುವುದು ಅಂಗಡಿಯವನು ಬಣ್ಣಗಳ ಪಟ್ಟಿಯನ್ನು ಮುಂದಿಟ್ಟಾಗಲೇ.

ಆಗ ಮನಸ್ಸು ಮಾಡುವ ಮೊದಲ ಕೆಲಸವೆಂದರೆ ಇಚ್ಛೆಗೆ ಕಾರಣದ ವೇಷ ತೊಡಿಸುವುದು. ಸೋದರಮಾವನ ಕೆಂಪನ್ನೇ ನೋಡಬಹುದು. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯವನ್ನೇ ಪರಿಶೀಲಿಸಿತು. ಬೆಳಕನ್ನು ಪ್ರತಿಫಲಿಸುವ ಅಥವಾ ಹೊಳೆಯುವ ಉಡುಪು ಧರಿಸಿದವರಿಗೆ ಅಪಘಾತದಲ್ಲಿ ಗಾಯಗೊಳ್ಳುವ ಅಪಾಯ ಶೇ. 37ರಷ್ಟು ಕಡಿಮೆ, ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ ಧರಿಸಿದವರಿಗೆ ಶೇ. 24ರಷ್ಟು ಕಡಿಮೆ, ಹಗಲಿನಲ್ಲಿ ಹೆಡ್‌ಲೈಟ್ ಹಾಕಿಕೊಂಡವರಿಗೆ ಶೇ. 27ರಷ್ಟು ಕಡಿಮೆ. ವಾಹನದ ಬಣ್ಣಕ್ಕೂ ಅಪಾಯಕ್ಕೂ ಮಾತ್ರ ಯಾವ ಸಂಬಂಧವೂ ಕಂಡುಬರಲಿಲ್ಲ. ಸುರಕ್ಷತೆಗಾಗಿ ಕೆಂಪು ಗಾಡಿ ಕೊಳ್ಳುತ್ತೇನೆನ್ನುವವನು ಮೊದಲು ಬಿಳಿಯ ಹೆಲ್ಮೆಟ್ ಕೊಳ್ಳಬೇಕು. ಅದನ್ನು ಕೊಳ್ಳದಿದ್ದರೆ ಅವನಿಗೆ ಬೇಕಾದದ್ದು ಸುರಕ್ಷತೆಯಲ್ಲ, ಕೆಂಪು. ಹಾಗೆಂದು ನೇರವಾಗಿ ಹೇಳಿಬಿಟ್ಟರೆ ಅದರಲ್ಲಿ ದೋಷವೇನೂ ಇಲ್ಲ. ಕಣ್ಣಿಗೆ ಹಿತವಾದ ಬಣ್ಣವನ್ನು ಮೆಚ್ಚುವುದು ಪಾಪವಲ್ಲ. ಮೆಚ್ಚಿಕೆಯನ್ನು ಮರೆಸಿ ತನಗೇ ತಾನು ಸುಳ್ಳು ಹೇಳಿಕೊಳ್ಳುವುದು ಸತ್ಯಕ್ಕೆ ತಗಲುವ ಸಣ್ಣ ಕಲೆ. ಕಪ್ಪನ್ನು ಆರಿಸಿ, ತನಗೆ ಆಡಂಬರ ಸೇರದೆಂದು ನಾಲ್ವರಿಗೆ ಕೇಳುವಂತೆ ಹೇಳುವವನ ಲೆಕ್ಕವೂ ಇದೇ ಖಾತೆಗೆ ಸೇರುತ್ತದೆ. ಹತ್ತು ವರ್ಷ ಓಡಿಸಲಿರುವ ಗಾಡಿಯ ಮಾರಾಟದ ಬೆಲೆಯನ್ನು ಕೊಳ್ಳುವ ದಿನವೇ ಎಣಿಸುವ ತಂದೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ವ್ಯಾಪಾರಿಗೆ ಅದು ಅಭ್ಯಾಸ.

ಬಣ್ಣಕ್ಕೆ ಸಿಗುವ ಮರ್ಯಾದೆ ಮನೆಗಷ್ಟೇ ಸೀಮಿತವಲ್ಲ. ವಾಹನದ ನೋಂದಣಿ ಪತ್ರದಲ್ಲಿ ಬಣ್ಣಕ್ಕೆ ಪ್ರತ್ಯೇಕ ಸ್ಥಾನವಿದೆ. ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಿಂದೆ ಕುಳಿತವರ ವಿಷಯದಲ್ಲಿಯೂ ಅವೇ ನಿಯಮಗಳು ಹಿಡಿಕೆ ಇರಬೇಕು, ಕಾಲಿಡಲು ಜಾಗವಿರಬೇಕು, ಸೆರಗು ಚಕ್ರಕ್ಕೆ ಸಿಕ್ಕದಂತೆ ಮರೆಯಿರಬೇಕು ಎಂದು ವಿಧಿಸಿವೆ. ಅವರು ಬೀಳದಂತೆ ಕಾನೂನು ನೋಡಿಕೊಳ್ಳುತ್ತದೆ. ಅವರ ಬೆನ್ನನ್ನು ನೋಡಿಕೊಳ್ಳುವ ಕೆಲಸ ಸವಾರನಿಗೆ ಉಳಿಯುತ್ತದೆ.

ಆ ಕೆಲಸ ಕಷ್ಟದ್ದಲ್ಲ. ನಮ್ಮ ದೇಶದ ಸಾಮಾನ್ಯ ಗಾಡಿಗಳಲ್ಲಿ ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳ ಸ್ಪ್ರಿಂಗಿಗೆ ಹೊಂದಿಕೊಂಡು ಮೆಟ್ಟಿಲು ಮೆಟ್ಟಿಲಾದ ಉಂಗುರವೊಂದಿರುತ್ತದೆ. ಹೀರೋ ಸ್ಪ್ಲೆಂಡರ್ ಪ್ಲಸ್ಸಿನಲ್ಲಿ ಐದು ಹಂತಗಳು, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಆರು. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಮೊದಲೇ ಸ್ವಲ್ಪ ಅದುಮಿದಂತಾಗಿ, ಭಾರ ಬಿದ್ದಾಗ ಗಾಡಿಯ ಹಿಂಭಾಗ ಕಡಿಮೆ ಕುಸಿಯುತ್ತದೆ. ಸವಾರನು ಕುಳಿತಾಗ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗ ಮಾತ್ರ ಖರ್ಚಾಗಬೇಕು, ಉಳಿದದ್ದು ರಸ್ತೆಯ ಏರುತಗ್ಗುಗಳಿಗೆ ಮೀಸಲಾಗಿರಬೇಕು ಎಂಬುದು ಈ ವಿದ್ಯೆ ಬಲ್ಲವರ ಸ್ಥೂಲ ಲೆಕ್ಕ. ಒಬ್ಬನಿಗೆ ಹೊಂದಿಸಿದ ಗಾಡಿಯ ಮೇಲೆ ಇನ್ನೊಬ್ಬರು ಕುಳಿತರೆ ಈ ಮೀಸಲು ಕರಗಿಹೋಗುತ್ತದೆ. ಮುಂದಿನ ರೋಡ್ ಹಂಪಿನಲ್ಲಿ ಸ್ಪ್ರಿಂಗ್ ತಳ ಮುಟ್ಟಿ ಪೆಟ್ಟು ಹಿಂದಿನವರ ಸೊಂಟಕ್ಕೆ ಹೋಗುತ್ತದೆ. ಮುಂದೆ ಕುಳಿತವನಿಗೆ ಹಂಪು ಮೊದಲೇ ಕಾಣುವುದರಿಂದ ಅವನು ಕೈಕಾಲು ಬಿಗಿಮಾಡಿಕೊಂಡಿರುತ್ತಾನೆ. ಹಿಂದಿನವರಿಗೆ ಕಾಣುವುದು ಅವನ ಬೆನ್ನು.

ಇನ್ನೊಂದು ಪರಿಣಾಮವನ್ನು ಹಲವರು ಗಮನಿಸಿರುವುದಿಲ್ಲ. ಹಿಂಭಾಗ ಕುಸಿದಾಗ ಮುಂಭಾಗ ಮೇಲೇಳುತ್ತದೆ, ಹೆಡ್‌ಲೈಟಿನ ಕಿರಣ ಎದುರು ಬರುವವನ ಕಣ್ಣಿಗೆ ಬಡಿಯುತ್ತದೆ. ಗಾಡಿಯ ಕೆಂಪನ್ನಾಗಲಿ ಕಪ್ಪನ್ನಾಗಲಿ ಕತ್ತಲಲ್ಲಿ ಕಾಣದ ಅಪರಿಚಿತನೊಬ್ಬನಿಗೆ ಆ ಉಂಗುರದ ಮೇಲೆ ತೋರಿದ ಉದಾಸೀನ ಮಾತ್ರ ತಲುಪುತ್ತದೆ. ಅಹಿಂಸೆಯನ್ನು ಕಾಲ ಕೆಳಗಿನ ಇರುವೆಯವರೆಗೆ ವಿಸ್ತರಿಸುವ ಮನೆಗಳು ಈ ಅಪರಿಚಿತನನ್ನೂ ಲೆಕ್ಕಕ್ಕೆ ತಂದುಕೊಳ್ಳಬಹುದು.

ಬೆಲೆಯುಳ್ಳ ವಿದೇಶೀ ವಾಹನಗಳಲ್ಲಿ ಸಸ್ಪೆನ್ಷನ್ ಕೂಡ ಬಣ್ಣದಂತೆ ಆರ್ಡರ್ ಮಾಡುವಾಗಲೇ ಆರಿಸಬೇಕಾದ ವಸ್ತು. ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು 2004ರಲ್ಲಿ ಕೆ 1200 ಎಸ್ ಎಂಬ ಗಾಡಿಯೊಡನೆ ವಿದ್ಯುನ್ಮಾನ ಸಸ್ಪೆನ್ಷನ್ನನ್ನು ಐಚ್ಛಿಕವಾಗಿ ನೀಡಲಾರಂಭಿಸಿತು. ಅದರ ಗುಂಡಿ ಒತ್ತಿದರೆ ಮೂರು ಚಿಹ್ನೆಗಳು ಸರದಿಯಂತೆ ತೋರುತ್ತವೆ: ಒಂದು ಹೆಲ್ಮೆಟ್, ಹೆಲ್ಮೆಟ್ಟಿನ ಜೊತೆ ಸಾಮಾನು, ಎರಡು ಹೆಲ್ಮೆಟ್. ಒಬ್ಬನೇ ಇದ್ದೀಯೋ, ಹೊರೆಯಿದೆಯೋ, ಜೊತೆಗೆ ಯಾರಾದರೂ ಇದ್ದಾರೋ ಎಂದು ಯಂತ್ರವೇ ಕೇಳಿದಂತಾಯಿತು. ಈ ಪ್ರಶ್ನೆಗೆ ಲಕ್ಷಗಟ್ಟಲೆ ಹಣ ಬೇಕಿಲ್ಲ. ಸ್ಪ್ಲೆಂಡರಿನ ಉಂಗುರವೂ ಇದನ್ನೇ ಕೇಳುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ.

ಬಣ್ಣ ಮತ್ತು ಗುಣಗಳನ್ನು ಬೇರ್ಪಡಿಸಿ ನೋಡಲು ಮಾರುಕಟ್ಟೆಯೂ ಯಾವಾಗಲೂ ಬಿಡುವುದಿಲ್ಲ. 2021ರಲ್ಲಿ ಹೊರಬಂದ ಹೊಸ ಕ್ಲಾಸಿಕ್ 350ರಲ್ಲಿ ಬೆಲೆ ಕಡಿಮೆಯಿದ್ದ ರೆಡಿಚ್ ಬಣ್ಣಗಳನ್ನು ಆರಿಸಿದವನಿಗೆ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕು. ದುಬಾರಿಯಾದ ಕ್ರೋಮ್ ಬಣ್ಣಗಳನ್ನು ಆರಿಸಿದವನಿಗೆ ಡಿಸ್ಕು, ಎರಡೂ ಚಕ್ರಗಳಿಗೆ ಎಬಿಎಸ್. ಬಣ್ಣ ನೋಡಿ ಒಪ್ಪಿದವನು ಬ್ರೇಕನ್ನೂ ಒಪ್ಪಿ ಬಂದಿದ್ದನು, ಕೆಲವೊಮ್ಮೆ ತಿಳಿಯದೆಯೇ. ರಸೀದಿಗೆ ಸಹಿ ಹಾಕುವ ಮುನ್ನ ಕೆಳಗಿನ ಸಣ್ಣ ಅಕ್ಷರಗಳನ್ನು ಓದುವ ವ್ಯಾಪಾರಿಯ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿರೂಪಿಸುವಾಗ, ಗೃಹಸ್ಥನು ಕಾಲಮಿತಿಯಿಂದ ನಿಯಮ ಹಾಕಿಕೊಳ್ಳಬಹುದಾದ ವಸ್ತುಗಳಲ್ಲಿ ಭೋಜನದ ಜೊತೆಯಲ್ಲಿಯೇ ವಾಹನವನ್ನೂ ಎಣಿಸಿದ್ದಾರೆ. ಒಂದು ದಿನ, ಒಂದು ಪಕ್ಷ, ಒಂದು ಮಾಸವೆಂದು ಅವರು ಅವಧಿಗಳನ್ನು ಹೇಳಿರುವುದು ಗಮನಾರ್ಹ. ಬಣ್ಣದ ಚರ್ಚೆಗೆ ಒಂದು ಪಕ್ಷದ ಬಿಡುವು ಕೊಟ್ಟು, ಗಾಡಿಯ ಮೇಲೆ ಯಾರು ಯಾರು ಎಷ್ಟು ದೂರ ಕೂಡುತ್ತಾರೆಂದು ಆ ಹದಿನೈದು ದಿನ ಲೆಕ್ಕ ಬರೆದರೆ, ಆಮೇಲೆ ಆರಿಸಿದ ಬಣ್ಣ ಮೊದಲಿನದೇ ಆದರೂ ಆರಿಸುವವನ ದೃಷ್ಟಿ ಅದೇ ಇರಲಾರದು.

ಹುಬ್ಬಳ್ಳಿಯ ಮನೆಯಲ್ಲಿ ಅಂಥ ಲೆಕ್ಕವನ್ನೇನೂ ಬರೆಯಲಿಲ್ಲ. ಗಾಡಿ ಬಂದಿತು, ಮಗನ ಇಷ್ಟದ ಬಣ್ಣದ್ದೇ. ಒಂದು ತಿಂಗಳು ಬಸದಿಯ ದಾರಿಯಲ್ಲಿ ಹಂಪು ಬಂದಾಗಲೆಲ್ಲ ತಾಯಿ ಮಗನ ಭುಜ ಹಿಡಿದುಕೊಂಡರು, ದೂರಲಿಲ್ಲ. ಮೊದಲ ಸರ್ವಿಸಿನ ದಿನ ಮೆಕ್ಯಾನಿಕನು ಹಿಂದೆ ಯಾರಾದರೂ ಕೂಡುತ್ತಾರೆಯೇ ಎಂದು ಕೇಳಿದನು. ಅವ್ವ ಕೂಡುತ್ತಾರೆಂದು ಮಗ ಹೇಳಿದ ಮೇಲೆ, ಪಾನಾ ತೆಗೆದು ಎರಡೂ ಕಡೆಯ ಉಂಗುರಗಳನ್ನು ಎರಡೆರಡು ಹಂತ ತಿರುಗಿಸಿದನು. ಮರುದಿನ ಬಸದಿಯ ಬಾಗಿಲಲ್ಲಿ ಇಳಿದ ತಾಯಿ ಹಿಂತಿರುಗಿ ದಾರಿಯನ್ನು ನೋಡಿ, "ರಸ್ತಾ ರಿಪೇರಿ ಮಾಡ್ಯಾರೇನೋ ತಮ್ಮಾ?" ಎಂದು ಕೇಳಿದರು.