ಎರಡನೇ ಸಲ ಕೈ ಇಟ್ಟ ಕರ್ತನು

ಮಾರ್ಕನ ಸುವಾರ್ತೆ 8ನೇ ಅಧ್ಯಾಯ, 22ರಿಂದ 26ನೇ ವಚನ ತೆಗೆಯೋಣ. ಫೋನಲ್ಲಿ ತೆಗೆಯೋರು ಮೊದಲು ನೋಟಿಫಿಕೇಶನ್ ಆಫ್ ಮಾಡಿ, ಆಮೇಲೆ ವಾಕ್ಯ.

ಬೇತ್ಸಾಯಿದ ಅನ್ನೋ ಊರು. ಜನ ಒಬ್ಬ ಕುರುಡನನ್ನ ಕರ್ಕೊಂಡು ಬರ್ತಾರೆ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗ್ತಾನೆ. ಇದನ್ನ ಗಮನಿಸಿ, ಊರ ಹೊರಗೆ. ಅಲ್ಲಿ ಅವನ ಮೇಲೆ ಕೈ ಇಟ್ಟು, ಏನಾದ್ರೂ ಕಾಣ್ತಾ ಇದೆಯಾ ಅಂತ ಕೇಳ್ತಾನೆ. ಆ ಮನುಷ್ಯ ಏನು ಹೇಳ್ತಾನೆ? ಜನ ಕಾಣ್ತಾರೆ, ಆದ್ರೆ ಮರಗಳು ಓಡಾಡಿದ ಹಾಗೆ ಅಂತಾನೆ. ಅರ್ಧಂಬರ್ಧ. ಯೇಸು ಅವನಿಗೆ ನಿನ್ನ ವಿಶ್ವಾಸ ಸಾಲದು ಅನ್ನಲಿಲ್ಲ. ಮತ್ತೆ ಕಣ್ಣಿನ ಮೇಲೆ ಕೈ ಇಟ್ಟನು. ಆಗ ಎಲ್ಲಾ ಸ್ಪಷ್ಟವಾಯ್ತು. ನಾಲ್ಕು ಸುವಾರ್ತೆಗಳಲ್ಲಿ ಇದನ್ನ ಬರೆದವನು ಮಾರ್ಕನೊಬ್ಬನೇ.

ಪ್ರಿಯರೇ, ಕಳೆದ ತಿಂಗಳು ನಾವು ಸಮಾಧಿ ಮಾಡಿದ ಸಹೋದರನ ಬಗ್ಗೆ ಮಾತಾಡೋಕೆ ಅವನ ತಾಯಿಯ ಹತ್ರ ಅನುಮತಿ ತಗೊಂಡಿದ್ದೀನಿ. ಹೆಸರು ಹೇಳೋದಿಲ್ಲ. ಅವನು ನನ್ನ ಕಾಲೇಜು ಗೆಳೆಯ. 38 ವರ್ಷ. ಹನ್ನೆರಡು ವರ್ಷ ನೈಟ್ ಶಿಫ್ಟ್. ಬ್ರೇಕ್ ಅಂದ್ರೆ ಟೀ, ಸಿಗರೇಟ್. ಮೂರು ಗಂಟೆಗೆ ಪರೋಟ, ಬೆಳಿಗ್ಗೆ ಕ್ಯಾಬ್‌ನಲ್ಲಿ ನಿದ್ದೆ. ಶುಗರ್ ಬಂತು, ಬಿಪಿ ಬಂತು, ಡಾಕ್ಟರ್ ಬೈದ್ರು. ಅಭ್ಯಾಸ ಮಾತ್ರ ಹೋಗಲಿಲ್ಲ.

ಒಂದು ಉಪವಾಸ ಪ್ರಾರ್ಥನೆಯ ರಾತ್ರಿ ಅವನು ಮುಂದೆ ಬಂದು ಅತ್ತ. ಕೈಗೆ ಮೈಕ್ ಕೊಟ್ರು. ಇವತ್ತಿಂದ ಬಿಡುಗಡೆ ಅಂತ ಸಾಕ್ಷಿ ಹೇಳಿದ, ಎಲ್ಲರೂ ಹಲ್ಲೆಲೂಯಾ ಅಂದ್ರು. ಮೂರು ವಾರ ಆದ್ಮೇಲೆ ಮತ್ತೆ ಸೇದಿದ. ಆಗ ಶುರುವಾಯ್ತು ಕಷ್ಟ. ಸಾಕ್ಷಿ ಹೇಳಿದವನು ಬಿದ್ದೆ ಅಂತ ಯಾರಿಗೆ ಹೇಳ್ತಾನೆ? ಸಭೆಗೆ ಬರೋ ಮೊದಲು ಏಲಕ್ಕಿ ಜಗಿದು, ಕೈಗೆ ಸ್ಯಾನಿಟೈಸರ್ ಹಚ್ಚಿ, ಕೊನೇ ಸಾಲಲ್ಲಿ ಕೂತ್ಕೊಳ್ತಿದ್ದ. ಅವನಲ್ಲಿ ವಿಶ್ವಾಸ ಇಲ್ಲ ಅಂತ ಕೆಲವರು ಅಂದ್ರು. ಅವನ ಕಿವಿಗೂ ಬಿತ್ತು. ಆಮೇಲೆ ಕೊನೇ ಸಾಲೂ ಖಾಲಿ.

ಹೊಗೆ ಎಳೆದ ಕೆಲವೇ ಸೆಕೆಂಡಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತೆ. ಬಿಟ್ಟವರಿಗೆ ಮೊದಲ ಎರಡು ಮೂರು ದಿನ ಚಡಪಡಿಕೆ, ಸಿಟ್ಟು, ನಿದ್ದೆ ಇಲ್ಲ. ಇದು ದೇಹದ ವಿಷಯ. ದೇಹದ ವಿಷಯ ಅಂದ ಮಾತ್ರಕ್ಕೆ ಆತ್ಮಿಕ ಯುದ್ಧ ಅಲ್ಲ ಅಂತಲ್ಲ. ಒಂದು ಕ್ಷಣದಲ್ಲಿ ಬಿಡುಗಡೆ ಆದವರು ನಮ್ಮ ಮಧ್ಯೆ ಇದ್ದಾರೆ, ದೇವರಿಗೆ ಸ್ತೋತ್ರ, ನಾನು ಕಣ್ಣಾರೆ ನೋಡಿದ್ದೀನಿ. ಆದ್ರೆ ಪೌಲನ ರೋಮಾಪುರದ ಪತ್ರಿಕೆ 7ನೇ ಅಧ್ಯಾಯ ಓದಿ. ಮಾಡಬೇಕು ಅಂದುಕೊಂಡದ್ದು ಮಾಡೋಕಾಗ್ತಿಲ್ಲ, ಬೇಡ ಅಂದುಕೊಂಡದ್ದನ್ನೇ ಮಾಡ್ತೀನಿ ಅನ್ನೋ ನರಳಾಟ ಅಲ್ಲಿದೆ. ಅದು ರಕ್ಷಣೆಗೆ ಮುಂಚಿನ ಮಾತು ಅಂತ ಕೆಲವರು ಬೋಧಿಸ್ತಾರೆ. ನನಗೆ ಒಪ್ಪಿಗೆ ಇಲ್ಲ. ದಮಸ್ಕದ ದಾರಿಯಲ್ಲಿ ಕರ್ತನನ್ನ ಕಂಡು ಸುಮಾರು ಇಪ್ಪತ್ತು ವರ್ಷ ಆದ್ಮೇಲೆ ಬರೆದ ಪತ್ರಿಕೆ ಅದು.

ಸೆಲ್ ಗ್ರೂಪಿನ ಒಬ್ಬ ತಮ್ಮ ಅವನನ್ನ ಬಿಡಲಿಲ್ಲ. ಬುದ್ಧಿ ಹೇಳಲಿಲ್ಲ. "ಅಣ್ಣಾ, ದಿನಾ ರಾತ್ರಿ ಎಷ್ಟು ಅಂತ ಬರೀ ನಂಬರ್ ಕಳಿಸಿ, ನಾನು ಪ್ರಾರ್ಥನೆ ಮಾಡ್ತೀನಿ" ಅಂದ. ಆ ವಾಟ್ಸಾಪ್ ಚಾಟ್ ನನಗೆ ತೋರಿಸಿದ್ದಾನೆ. 19. 17. 17. 12. ಒಂದು ಭಾನುವಾರ 3. ಆಫೀಸಲ್ಲಿ ಜನರನ್ನ ತೆಗೆದ ವಾರ 20. ಮತ್ತೆ 9. ಕೊನೆಯದು 6. ಮರಗಳ ಹಾಗೆ ಕಾಣ್ತಾ ಇದೆ ಅಂತ ಆ ಕುರುಡ ಹೇಳಿದ್ದೂ ಇಂಥದ್ದೇ ಸತ್ಯ. ಕಳೆದ ವರ್ಷ ಅವನು ಮತ್ತೆ ಸಭೆಗೆ ಬಂದ, ಮಧ್ಯದ ಸಾಲಿಗೆ.

ಸಮಾಧಿಯ ಹತ್ರ ಒಬ್ಬ ಯೌವನಸ್ಥ ಕೇಳಿದ: "ಪಾಸ್ಟರ್, ಅಣ್ಣ ಕರ್ತನ ಹತ್ರ ಇದ್ದಾರಾ?" ಇದ್ದಾನೆ ಅಂತ ಹೇಳಿದೆ. ರಕ್ಷಣೆ ಇರೋದು ಶಿಲುಬೆಯ ರಕ್ತದಲ್ಲಿ, ದಿನದ ಲೆಕ್ಕದಲ್ಲಿ ಅಲ್ಲ. ಹಾಗಾದ್ರೆ ಸೇದಿದ್ರೆ ಏನಂತೆ ಅಂತ ಯಾರಾದ್ರೂ ಮನಸ್ಸಲ್ಲಿ ಅಂದುಕೊಂಡ್ರೆ, ಅವನ ಮಗಳಿಗೆ ಆರು ವರ್ಷ ಅನ್ನೋದು ತಿಳ್ಕೊಳ್ಳಿ. ದೇಹ ಪವಿತ್ರಾತ್ಮನ ಆಲಯ ಅಂತ ಕೊರಿಂಥದವರಿಗೆ ಬರೆದವನೂ ಇದೇ ಪೌಲನು.

ಈಗ ಎಲ್ಲರೂ ಕಣ್ಣು ಮುಚ್ಚೋಣ. ಇವತ್ತು ಯಾರನ್ನೂ ಮುಂದೆ ಕರೆಯೋದಿಲ್ಲ, ಮೈಕ್ ಕೊಡೋದಿಲ್ಲ. ಸಿಗರೇಟ್ ಇರಬಹುದು, ಕುಡಿತ ಇರಬಹುದು, ರಾತ್ರಿಯೆಲ್ಲಾ ಫೋನ್ ಇರಬಹುದು. ಕೂತಲ್ಲೇ ಕರ್ತನಿಗೆ ನಿಜವಾದ ನಂಬರ್ ಹೇಳಿ. ಆಮೇಲೆ ಹೋಗೋ ಮೊದಲು ಒಬ್ಬರಿಗೆ, ಒಬ್ಬರಿಗೆ ಮಾತ್ರ ಹೇಳಿ. ತಂಬಾಕು ಬಿಡೋರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356, ಪ್ಯಾಕೆಟ್ ಮೇಲೇ ಇರುತ್ತೆ. ನಿಮ್ಹಾನ್ಸ್‌ನಲ್ಲಿ ಡಾಕ್ಟರ್‌ಗಳಿದ್ದಾರೆ. ಫೋನ್ ಮಾಡೋದು ಅವಿಶ್ವಾಸ ಅಲ್ಲ.

ತಂದೆಯೇ, ಒಂದು ಸಲ ಮುಟ್ಟಿದವರನ್ನ ಮತ್ತೆ ಮುಟ್ಟು. ಆ ತಾಯಿಯನ್ನ, ಆ ಮಗುವನ್ನ ಆದರಿಸು. ಯೇಸುವಿನ ನಾಮದಲ್ಲಿ, ಆಮೆನ್.