ಜೆರಿಕೋವಿನ ಹಾದಿ, ನಮ್ಮ ಹೆದ್ದಾರಿ



ದಯಾಳು ಸಮಾರಿಯದವನ ಸಾಮತಿಯನ್ನು (ಲೂಕ 10:25-37) ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಗಾಯಾಳುವನ್ನು ಎತ್ತಿಕೊಂಡವನನ್ನು ಕೊಂಡಾಡುತ್ತೇವೆ. ಆತ ಬಿದ್ದಿದ್ದ ಹಾದಿಯ ಬಗ್ಗೆ ಯೋಚಿಸುವುದು ಕಡಿಮೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ಆ ದಾರಿ ಶತಮಾನಗಳ ಕಾಲ ಅಪಾಯಕ್ಕೆ ಹೆಸರಾಗಿತ್ತು. ಅಲ್ಲಿನ ಅದುಮ್ಮೀಮ್ ಎಂಬ ಸ್ಥಳಕ್ಕೆ ಆ ಹೆಸರು ಬಂದದ್ದು ಕಳ್ಳರು ಹರಿಸಿದ ರಕ್ತದಿಂದ ಎಂದು ಸಂತ ಜೆರೋಮರು ವಿವರಿಸಿದ್ದಾರೆ.

ನಮ್ಮ ಕಾಲದಲ್ಲೂ ಅಂಥ ಜಾಗಗಳಿವೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯಗಳಾದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಸಂಭವಿಸಿದ್ದರೆ ಅದನ್ನು ‘ಬ್ಲ್ಯಾಕ್ ಸ್ಪಾಟ್’ ಎಂದು ಗುರುತಿಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2015ರಲ್ಲಿ ತಿಳಿಸಿತು. ಲೆಕ್ಕ ಸರಿಯೇ. ಆದರೆ ಆ ಪಟ್ಟಿಗೆ ಹೆಸರು ಸೇರುವಷ್ಟರಲ್ಲಿ ಎಷ್ಟೋ ಮನೆಗಳ ದೀಪ ಆರಿರುತ್ತದೆ.

ಶಿವಮೊಗ್ಗ–ಭದ್ರಾವತಿ ನಡುವಿನ ಸುಮಾರು 20 ಕಿ.ಮೀ. ದಾರಿ ಬೆಂಗಳೂರು–ಹೊನ್ನಾವರ ಹೆದ್ದಾರಿಯ ಭಾಗ. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ನಾವು ಓಡಾಡುವ ದಾರಿ. ಯಾವ ತಿರುವಿನಲ್ಲಿ ಎದುರಿನ ವಾಹನ ಕಾಣದು, ಎಲ್ಲಿ ಹಳ್ಳಿಯ ರಸ್ತೆ ಥಟ್ಟನೆ ಹೆದ್ದಾರಿಗೆ ಕೂಡುತ್ತದೆ, ಎಲ್ಲಿ ಕತ್ತಲಲ್ಲಿ ಟ್ರ್ಯಾಕ್ಟರ್ ನಿಂತಿರುತ್ತದೆ ಎಂಬುದು ಅಕ್ಕಪಕ್ಕದವರಿಗೆ ಮೊದಲು ತಿಳಿಯುತ್ತದೆ. ತಿಳಿದವರು ಸುಮ್ಮನಿರಬಹುದೇ?

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಹಾಕಿಸಬೇಕು, ಇಲ್ಲವಾದರೆ ಬಿದ್ದು ಸತ್ತವನ ರಕ್ತಕ್ಕೆ ಆ ಮನೆ ಹೊಣೆ ಎಂದು ಧರ್ಮೋಪದೇಶಕಾಂಡ (22:8) ಎಚ್ಚರಿಸುತ್ತದೆ. ಕೇಡು ಬಯಸದಿದ್ದರೆ ಸಾಲದು, ಕೇಡನ್ನು ತಡೆಯಲೂ ಬೇಕು. ಆದ್ದರಿಂದ ಸ್ಥಳ, ದಿನ, ವೇಳೆ ಬರೆದು ನಾಲ್ಕು ಮಂದಿ ಸೇರಿ ಪೊಲೀಸ್ ಠಾಣೆಗೆ, ಪಂಚಾಯಿತಿಗೆ ಮನವಿ ಕೊಡಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ತಿಳಿಸಿ. ದೃಷ್ಟಿಗೆ ಅಡ್ಡವಾದ ಪೊದೆ ಕಡಿಯುವುದು, ಎಚ್ಚರಿಕೆ ಫಲಕ, ಒಂದು ದೀಪ – ಇಷ್ಟರಿಂದಲೂ ಜೀವ ಉಳಿದೀತು.

ನಮ್ಮ ಪಾಲಿನದೂ ಇದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕುಡಿತದಿಂದ, ವೇಗದ ಹುಚ್ಚಿನಿಂದ ಪರರ ಪ್ರಾಣವನ್ನು ಅಪಾಯಕ್ಕೊಡ್ಡುವುದು ಘೋರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (2290) ಐದನೆಯ ಆಜ್ಞೆಯಡಿಯಲ್ಲೇ ಬೋಧಿಸುತ್ತದೆ. ಪೂಜೆಗೆ ತಡವಾಯಿತೆಂಬುದೂ ಅದಕ್ಕೆ ನೆಪವಾಗದು.

ಅಪಘಾತ ಕಂಡರೆ ಕೇಸಿಗೆ ಹೆದರಿ ಮುಂದೆ ಸಾಗಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಜೊತೆಗಿರಿ.

ಬಿದ್ದವನನ್ನು ಎತ್ತುವುದು ಕರುಣೆ. ನಾಳೆ ಅಲ್ಲೇ ಇನ್ನೊಬ್ಬ ಬೀಳದಂತೆ ನೋಡಿಕೊಳ್ಳುವುದೂ ಅದೇ ಕರುಣೆ.